ಒಂದೇ ಬ್ರಿಕ್ಸ್, ಎರಡು ರುಚಿ

ಪ್ರಶ್ನೆ: ಬನವಾಸಿ ಕಡೆಯ ಅನಾನಸ್‌ನಿಂದ ಸಕ್ಕರೆ ಬೆರೆಸದ ರಸ ತಯಾರಿಸುವ ಸಣ್ಣ ಘಟಕ ನಮ್ಮದು. ರಸದ ಬ್ರಿಕ್ಸ್ ಅಳೆಯುವ ಉಪಕರಣವಾದ ರಿಫ್ರ್ಯಾಕ್ಟೋಮೀಟರ್ ಎರಡು ಬ್ಯಾಚುಗಳಿಗೂ 13 ಬ್ರಿಕ್ಸ್ ತೋರಿಸಿದರೂ ಗಿರಾಕಿಗಳು ಒಂದನ್ನು ಸಿಹಿ, ಇನ್ನೊಂದನ್ನು ಹುಳಿ ಎನ್ನುತ್ತಾರೆ. ಉಪಕರಣ ಕೆಟ್ಟಿದೆಯೇ? ಹುಳಿ ಅಳೆಯಲು, ಬಣ್ಣ ಬದಲಿಸಿ ಆಮ್ಲದ ತೀವ್ರತೆ ತೋರಿಸುವ ಪಿಎಚ್ ಕಾಗದ ಸಾಕೇ?
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಭಟ್ಟಿ ಇಳಿಸಿದ ನೀರಿನ ಒಂದು ಹನಿಗೆ ಉಪಕರಣ ಸೊನ್ನೆ ತೋರಿಸುತ್ತಿದ್ದರೆ ಅದರಲ್ಲಿ ದೋಷವಿಲ್ಲ. ಆದರೆ ಬಿಸಿ ರಸವನ್ನಾಗಲಿ, ನಾರು ತೇಲುವ ರಸವನ್ನಾಗಲಿ ಗಾಜಿನ ಮೇಲೆ ಹಾಕಬಾರದು. ಬಟ್ಟೆಯಲ್ಲಿ ಸೋಸಿ, ತಣಿಸಿಯೇ ನೋಡಬೇಕು. ಬ್ರಿಕ್ಸ್ ಎಂಬುದು ರಸದಲ್ಲಿ ಕರಗಿರುವ ಒಟ್ಟು ಘನಪದಾರ್ಥದ ಅಳತೆ. ಅದರಲ್ಲಿ ಬಹುಪಾಲು ಸಕ್ಕರೆಯೇ ಇದ್ದರೂ ಆಮ್ಲವೂ ಲವಣವೂ ಸೇರಿಕೊಂಡಿರುವುದರಿಂದ, ಹುಳಿ ಎಷ್ಟಿದೆ ಎಂಬುದನ್ನು ಆ ಅಂಕಿ ಹೇಳಲಾರದು.

ಪಿಎಚ್ ಕಾಗದವೂ ಇದಕ್ಕೆ ಸಾಲದು. ಕೆಡದಂತೆ ಕಾಪಾಡುವ ದೃಷ್ಟಿಯಿಂದ ಪಿಎಚ್ ಮುಖ್ಯವೇ ಹೌದು. ನಾಲಿಗೆಗೆ ತಿಳಿಯುವ ಹುಳಿಯನ್ನು ಅಂದಾಜಿಸಲು ಮಾತ್ರ ಒಟ್ಟು ಆಮ್ಲವನ್ನು ಟೈಟ್ರೇಷನ್ ಮಾಡಿ, ಅಂದರೆ ಅದನ್ನು ತಟಸ್ಥಗೊಳಿಸಲು ಎಷ್ಟು ಕ್ಷಾರ ಬೇಕೆಂದು ನೋಡಿ, ಅಳೆಯುವುದೇ ಮೇಲು. ಸೋಸಿದ 10 ಮಿ.ಲೀ. ರಸಕ್ಕೆ ಭಟ್ಟಿ ನೀರು ಬೆರೆಸಿ, ಕ್ಷಾರದಲ್ಲಿ ಗುಲಾಬಿ ಬಣ್ಣ ತಳೆಯುವ ಸೂಚಕವಾದ ಫೀನಾಲ್ಫ್ಥಲೀನ್ ಎರಡು ಹನಿ ಹಾಕಿ, ಬ್ಯೂರೆಟ್‌ನಿಂದ (ಅಳತೆ ಗೆರೆಗಳಿರುವ ಗಾಜಿನ ನಳಿಕೆ) 0.1 ನಾರ್ಮಲ್ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ಹನಿಹನಿಯಾಗಿ ಬಿಡಿ. ಮಸುಕು ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತಾಗ ನಿಲ್ಲಿಸಿ, ಖರ್ಚಾದ ಮಿ.ಲೀ.ಯನ್ನು 0.064ರಿಂದ ಗುಣಿಸಿದರೆ ಸಿಟ್ರಿಕ್ ಆಮ್ಲದ ಲೆಕ್ಕದಲ್ಲಿ ಶೇಕಡಾವಾರು ಸಿಗುತ್ತದೆ. ಈ ಕ್ಷಾರದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಶಕ್ತಿಗುಂದುತ್ತದೆ. ಮುಚ್ಚಳ ಸಡಿಲವಿರುವ ಹಳೆಯ ಬಾಟಲಿಯದನ್ನು ಬಳಸಿದರೆ ಇರುವುದಕ್ಕಿಂತ ಹೆಚ್ಚು ಹುಳಿ ತೋರಿಸುತ್ತದೆ.

ನಿಮ್ಮ ಒಂದು ಬ್ಯಾಚಿಗೆ 9.4 ಮಿ.ಲೀ., ಇನ್ನೊಂದಕ್ಕೆ 14 ಮಿ.ಲೀ. ಖರ್ಚಾಯಿತೆನ್ನಿ. ಆಮ್ಲ ಕ್ರಮವಾಗಿ ಶೇ. 0.6 ಮತ್ತು 0.9; ಬ್ರಿಕ್ಸನ್ನು ಅದರಿಂದ ಭಾಗಿಸಿದರೆ ಅನುಪಾತ ಸುಮಾರು 22 ಮತ್ತು 14. ಗಿರಾಕಿಗಳ ನಾಲಿಗೆ ಗುರುತಿಸಿದ್ದು ಈ ಅಂತರವನ್ನೇ. ಎರಡನ್ನೂ ಸಮಪಾಲು ಬೆರೆಸಿದರೆ ಬ್ರಿಕ್ಸ್ ಬದಲಾಗದೆ ಅನುಪಾತ 17ರ ಆಸುಪಾಸಿಗೆ ಬರುತ್ತದೆ. ಆದ್ದರಿಂದ ಬಾಟಲಿಗೆ ತುಂಬುವ ಮೊದಲೇ ಅಳೆದು ಬೆರೆಸುವುದು ಲೇಸು.

ನೀರು ಬೆರೆಸಿ ಕುಡಿಯುವ ಸಿಹಿ ಪಾನೀಯವಾದ ಸ್ಕ್ವಾಷ್ ಮಾಡುವವರಿಗೆ ಈ ತೊಂದರೆ ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಅದರಲ್ಲಿ ರಸ ಶೇ. 25ರಷ್ಟೇ ಇದ್ದರೂ ಸಾಕು, ಹುಳಿಯ ಬಹುಭಾಗ ಹೊರಗಿನಿಂದ ಸೇರಿಸುವ ಸಿಟ್ರಿಕ್ ಆಮ್ಲದ್ದು. ಮುಂದೆ ಕಪ್ಪು ದ್ರಾಕ್ಷಿ ರಸಕ್ಕೆ ಕೈಹಾಕಿದರೆ ಮಾತ್ರ ಗುಲಾಬಿ ಬಣ್ಣ ಕಣ್ಣಿಗೆ ಸಿಗದು. ಆಗ ಪಿಎಚ್ ಮೀಟರ್ ಇಟ್ಟುಕೊಂಡು 8.2ಕ್ಕೆ ನಿಲ್ಲಿಸಿ, ದ್ರಾಕ್ಷಿಯ ಮುಖ್ಯ ಆಮ್ಲವಾದ ಟಾರ್ಟಾರಿಕ್ ಆಮ್ಲದ ಲೆಕ್ಕಕ್ಕಾಗಿ 0.075ರಿಂದ ಗುಣಿಸಬೇಕಾಗುತ್ತದೆ.