ಅಮ್ಮ ಎಂದೂ ಸ್ಟೇಷನ್ನಿಗೆ ಬರಲಿಲ್ಲ

ನಾನು ಲಂಡನ್ನಿನಲ್ಲಿ ಆಪ್ತಸಲಹೆಗಾರ್ತಿ. ಇದನ್ನು ಸಲಹೆಗೆ ಬಂದವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆದಿದ್ದೇನೆ.

ಬಂದಾಕೆ ಅರವತ್ತರ ಆಸುಪಾಸಿನ ನಿವೃತ್ತ ಶಿಕ್ಷಕಿ. ನಿದ್ದೆ ಕೆಟ್ಟಿತ್ತು, ಊಟ ಸೇರುತ್ತಿರಲಿಲ್ಲ. ತೊಂಬತ್ತು ದಾಟಿದ ತಾಯಿಯ ಮನೆ ಖಾಲಿ ಮಾಡುವಾಗ ಬೀರುವಿನ ತಳದಲ್ಲೊಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತ್ತು. ಒಳಗೆ ಮಡಿಕೆಗಳಲ್ಲಿ ಹರಿದುಹೋದ, ಮೊಹರುಗಳೇ ತುಂಬಿದ ರೆಡ್ ಕ್ರಾಸ್ ಫಾರಂಗಳು. ಎರಡನೇ ಮಹಾಯುದ್ಧ ನಡೆಯುವಾಗ ಶತ್ರುದೇಶಗಳ ನಡುವೆ ಟಪಾಲು ನಿಂತಿತ್ತು. ಈ ಫಾರಂಗಳಲ್ಲಿ 25 ಪದ ಮೀರದಂತೆ ಮನೆಯ ಸುದ್ದಿ ಬರೆಯಬಹುದಿತ್ತು, ಅಷ್ಟೇ. ಆಸ್ಟ್ರಿಯಾದ ವಿಯೆನ್ನಾದಿಂದ ಅಜ್ಜಿ ತನ್ನ ಮಗಳಿಗೆ ಬರೆದವು ಅವು. 1942ರ ಬೇಸಿಗೆಯಿಂದಾಚೆಗೆ ಒಂದೂ ಇಲ್ಲ.

ತಾಯಿ ಯಹೂದಿ, ಆರು ವರ್ಷದವರಿದ್ದಾಗ ಒಬ್ಬರೇ ಬ್ರಿಟನ್ನಿಗೆ ಬಂದವರು ಎಂಬಷ್ಟು ಮಗಳಿಗೆ ಗೊತ್ತಿತ್ತು. ಹೆಚ್ಚು ಕೇಳಿದರೆ "ನನ್ನ ಅದೃಷ್ಟ ಚೆನ್ನಾಗಿತ್ತು, ನಾನು ನಾಜಿ ಕ್ಯಾಂಪ್ ಕಂಡವಳಲ್ಲ" ಎಂದು ತಾಯಿ ಮಾತು ಮುಗಿಸುತ್ತಿದ್ದರು. 1938ರ ಡಿಸೆಂಬರಿನಿಂದ ಯುದ್ಧ ಶುರುವಾಗುವವರೆಗೆ ಸುಮಾರು 10,000 ಮಕ್ಕಳು, ಬಹುಪಾಲು ಯಹೂದಿಗಳು, ನಾಜಿಗಳ ಹಿಡಿತದಿಂದ ಮಕ್ಕಳನ್ನು ಪಾರುಮಾಡಲು ಏರ್ಪಡಿಸಿದ ಕಿಂಡರ್‌ಟ್ರಾನ್ಸ್‌ಪೋರ್ಟ್ ರೈಲುಗಳಲ್ಲಿ ಹೀಗೆ ಬಂದರು. ಕೊರಳಲ್ಲಿ ನಂಬರಿನ ಚೀಟಿ, ಕೈಯಲ್ಲೊಂದು ಪೆಟ್ಟಿಗೆ. ಹೆತ್ತವರು ಜೊತೆಯಲ್ಲಿ ಬರುವಂತಿರಲಿಲ್ಲ. ಕ್ಯಾಂಪ್ ಕಾಣದಿದ್ದರೇನು, ಆ ಮಕ್ಕಳೂ ನಾಜಿಗಳು ನಡೆಸಿದ ನರಮೇಧದಿಂದ ಬದುಕುಳಿದವರೇ ಎಂದು ನಾನು ನಂಬಿದ್ದೇನೆ.

ಮಗಳು ರಾತ್ರಿಯಿಡೀ ಕಂಪ್ಯೂಟರಿನ ಮುಂದೆ ಕೂತು ಹುಡುಕಿ, ಅಜ್ಜ-ಅಜ್ಜಿಯ ಹೆಸರು ಪತ್ತೆ ಮಾಡಿದ್ದರು. 1942ರ ಜೂನ್‌ನಲ್ಲಿ ವಿಯೆನ್ನಾದ ಆಸ್ಪಾಂಗ್ ನಿಲ್ದಾಣದಿಂದ ಅವರನ್ನು ನಾಜಿಗಳು ಈಗಿನ ಬೆಲಾರೂಸಿನ ಮಿನ್ಸ್ಕ್ ಬಳಿಯ ಮಾಲಿ ಟ್ರೋಸ್ಟಿನೆಟ್ಸ್‌ಗೆ ಸಾಗಿಸಿದ್ದರು. ಅಲ್ಲಿಗೆ ಒಯ್ದವರಲ್ಲಿ ಬಹುತೇಕರನ್ನು ಇಳಿಸಿದ ಸ್ವಲ್ಪ ಹೊತ್ತಿನಲ್ಲೇ ಕಾಡಿನಲ್ಲಿ ಗುಂಡಿಟ್ಟು ಕೊಂದರು. ಆ ಪ್ರಿಂಟ್ ಹಿಡಿದು ಬಂದಿದ್ದರು: "ಇದನ್ನ ಅಮ್ಮನ ಮುಂದೆ ಇಡಲಾ?"

ಇಷ್ಟು ಅವಸರ ಯಾಕೆ ಎಂದು ಕೇಳಿದೆ. ಬಹಳ ಹೊತ್ತಿನ ಮೇಲೆ ಬೇರೆಯದೇ ಹೊರಬಂತು. ಆಕೆ ಕಾಲೇಜಿಗೆ ಹೊರಟ ದಿನ ತಾಯಿ ಸ್ಟೇಷನ್ನಿಗೆ ಬರಲಿಲ್ಲ. ನಲ್ಲಿ ಬಿಟ್ಟುಕೊಂಡು ಪಾತ್ರೆ ತಿಕ್ಕುತ್ತ, ತಿರುಗಿಯೂ ನೋಡದೆ "ಹೋಗಿ ಬಾ" ಎಂದರು. ಆಮೇಲೂ ಒಮ್ಮೆಯೂ ಬರಲಿಲ್ಲ. "ನಾನು ಅವಳಿಗೆ ಬೇಡವಾಗಿದ್ದೆ ಅಂತಲೇ ಇಷ್ಟು ವರ್ಷ ತಿಳಿದಿದ್ದೆ" ಎಂದು ಅತ್ತರು.

ನಾನು ಹೇಳಿದ್ದಿಷ್ಟು. ಎರಡು ಕೆಲಸ ಬೆರೆಸಬೇಡಿ. ಅಜ್ಜ-ಅಜ್ಜಿ ನಿಮಗೂ ಸೇರಿದವರು, ಅವರನ್ನು ಹುಡುಕಲು ಯಾರ ಅಪ್ಪಣೆಯೂ ಬೇಡ. ಆದರೆ ಬಾಯಿ ಬಿಡುವುದು, ಬಿಡದಿರುವುದು ಅಮ್ಮನಿಗೆ ಬಿಟ್ಟಿದ್ದು. ರಾತ್ರಿ ಒಬ್ಬರೇ ಕೂತು ಇಂಥ ದಾಖಲೆ ಓದಬೇಡಿ; ಲಂಡನ್ನಿನ ವೀನರ್ ಹಾಲೊಕಾಸ್ಟ್ ಲೈಬ್ರರಿಯಲ್ಲಿ ನಾಜಿಗಳಿಗೆ ಬಲಿಯಾದವರ ವಿವರವಿರುವ ಜರ್ಮನಿಯ ಆರೋಲ್ಸನ್ ದಾಖಲೆಗಳ ಪ್ರತಿಯಿದೆ, ಹುಡುಕಿಕೊಡಲು ಸಿಬ್ಬಂದಿ ಇದ್ದಾರೆ, ಹಗಲಲ್ಲಿ ಹೋಗಿ. ಪ್ರಿಂಟನ್ನು ಏಕಾಏಕಿ ಮುಂದಿಡಬೇಡಿ. "ನನಗೆ ಸ್ವಲ್ಪ ತಿಳಿದಿದೆ ಅಮ್ಮ, ನಿನಗೆ ಬೇಕೆನಿಸಿದಾಗ ಕೇಳು" ಎಂದಷ್ಟೇ ಹೇಳಿ. ಸಾವಿನಿಂದ ಶುರುಮಾಡಬೇಡಿ. ಯಾವ ಬೀದಿಯಲ್ಲಿ ಮನೆ, ಅಜ್ಜಿ ಏನು ಅಡುಗೆ ಮಾಡುತ್ತಿದ್ದರು, ಅಜ್ಜನ ದನಿ ಹೇಗಿತ್ತು, ಇಂಥವನ್ನು ಕೇಳಿ. ಕೇಳದೆ ಫೋನಿನಲ್ಲಿ ರೆಕಾರ್ಡ್ ಮಾಡಬೇಡಿ. ಸಾಕು ಎಂದರೆ ಸಾಕು.

ಇನ್ನೊಂದನ್ನೂ ಒತ್ತಿ ಹೇಳಿದೆ. ತಾಯಿ ತೋರಿಸಿದ ಬಿಗುವಿಗೆಲ್ಲ ಯುದ್ಧವೇ ಕಾರಣ ಎಂದು ನಾನು ಹೇಳಲಾರೆ. ಕಾರಣ ತಿಳಿದ ಮಾತ್ರಕ್ಕೆ ಮಗಳ ನೋವು ಸುಳ್ಳಾಗುವುದಿಲ್ಲ. ಅಷ್ಟು ಕಷ್ಟ ಪಟ್ಟವಳ ಮೇಲೆ ಸಿಟ್ಟಾಗುವುದು ಪಾಪ ಎಂದು ಆಕೆ ಉಸಿರು ಕಟ್ಟಿಕೊಂಡು ಬದುಕಿದ್ದರು. ಆ ಸಿಟ್ಟನ್ನು ನನ್ನ ಕೋಣೆಯಲ್ಲಿ ಧಾರಾಳವಾಗಿ ಆಡಿ ಎಂದೆ.

ಕೆಲವು ವಾರಗಳ ನಂತರ ತಾಯಿಯೇ ಕೇಳಿದರಂತೆ: "ಇಬ್ಬರೂ ಒಟ್ಟಿಗಿದ್ದರಾ?" ಒಂದೇ ರೈಲಿನ ಪಟ್ಟಿಯಲ್ಲಿ ಎರಡೂ ಹೆಸರಿತ್ತು. ಹೌದು ಎಂದು ಮಗಳು ಹೇಳಿದರು. ತಾಯಿ ಅಂದು ಮತ್ತೇನೂ ಕೇಳಲಿಲ್ಲ, ಮಗಳೂ ಮುಂದುವರಿಸಲಿಲ್ಲ. ಈಚೆಗೆ ಇಬ್ಬರೂ ಸೇರಿ ವರ್ಲ್ಡ್ ಜ್ಯೂಯಿಷ್ ರಿಲೀಫ್‌ಗೆ ಅರ್ಜಿ ಹಾಕಿದ್ದಾರೆ. ಆಗ ಬಂದ ಅನೇಕ ಮಕ್ಕಳ ಕಡತಗಳು ಆ ಸಂಸ್ಥೆಯಲ್ಲಿವೆ. ಕಡತ ಬಂದರೆ ಅದನ್ನು ಓದಿ ಹೇಳಬೇಕಾದವನು ಮೊಮ್ಮಗ ಎಂದು ತಾಯಿ ತೀರ್ಮಾನಿಸಿದ್ದಾರೆ. ಮಗಳಿಗೆ ಬೇಸರವಾಯಿತು, ಆದರೂ ಒಪ್ಪಿದ್ದಾರೆ.