ಅಡೆಲ್ ಆಲ್ಬಮ್‌ಗಾಗಿ ನಾನು ಸಿ.ಡಿ. ಕೊಂಡ ಕಥೆ

ಕೋಟಿಗಟ್ಟಲೆ ದುಡ್ಡಿರುವ ಗಾಯಕರೂ ಹೊಸ ಆಲ್ಬಮ್ಮನ್ನು ಫ್ರೀ ಆ್ಯಪ್‌ಗಳಿಗೆ ಕೊಡದೆ ಸತಾಯಿಸುತ್ತಾರಲ್ಲ, ಇದು ದುರಾಸೆ ಅಲ್ವಾ ಅಂತ ಕೇಳಿದ್ದೀರಿ. ಆಸೆ ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿದರೆ ಅವರ ಸಿಟ್ಟೂ ಅರ್ಥವಾಗುತ್ತದೆ.

2015ರ ನವೆಂಬರ್‌ನಲ್ಲಿ ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೆ. ಬ್ರಿಟಿಷ್ ಗಾಯಕಿ ಅಡೆಲ್ ಅವರ ‘25’ ಆಲ್ಬಮ್ ಬಂದ ವಾರ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈನಲ್ಲಿ ಹುಡುಕಿದರೆ ಮೊದಲೇ ಬಿಟ್ಟಿದ್ದ ‘ಹಲೋ’ ಹಾಡು ಸಿಕ್ಕಿತು, ಆಲ್ಬಮ್ ಇಲ್ಲ. ನಾನು ಫ್ರೀ ಗಿರಾಕಿಯೂ ಅಲ್ಲ, ತಿಂಗಳಿಗೆ ಹತ್ತು ಡಾಲರ್ ಕಟ್ಟುತ್ತಿದ್ದವನು. ತಡೆಯಲಾರದೆ ಅಂಗಡಿಗೆ ಹೋಗಿ ಸಿ.ಡಿ. ತಂದೆ. ಮನೆಗೆ ಬಂದ ಮೇಲೆ ಹೊಳೆಯಿತು, ನನ್ನ ಲ್ಯಾಪ್‌ಟಾಪ್‌ಗೆ ಸಿ.ಡಿ. ಡ್ರೈವೇ ಇಲ್ಲ! ಕೊನೆಗೆ ರೂಮ್‌ಮೇಟ್‌ನ ಹಳೇ ಕಾರಿನಲ್ಲಿ ಹೀಟರ್ ಹಾಕಿಕೊಂಡು, ಪಾರ್ಕಿಂಗ್‌ನಲ್ಲೇ ಕೂತು ಹನ್ನೊಂದೂ ಹಾಡು ಕೇಳಿದೆ.

ನನ್ನಂಥವರು ಎಷ್ಟು ಜನ ಇದ್ದರು ಅಂದರೆ, ಅಮೆರಿಕ ಒಂದರಲ್ಲೇ ಮೊದಲ ವಾರ ಸುಮಾರು 33.8 ಲಕ್ಷ ಪ್ರತಿ ಖರ್ಚಾಯಿತು. ಅದಕ್ಕೆ ಮುಂಚಿನ ದಾಖಲೆ 2000ದಲ್ಲಿ ಎನ್‌ಸಿಂಕ್ ತಂಡದ್ದು, 24 ಲಕ್ಷ ಚಿಲ್ಲರೆ. ‘25’ ಆ್ಯಪ್‌ಗಳಿಗೆ ಬಂದದ್ದು ಏಳು ತಿಂಗಳ ಮೇಲೆ.

ಈಗ ಲೆಕ್ಕಕ್ಕೆ ಬನ್ನಿ. ಒಂದು ಸಲ ಹಾಡು ಕೇಳಿದರೆ ಇಷ್ಟು ಅಂತ ಗೊತ್ತಾದ ರೇಟ್ ಇಲ್ಲ. ಜಾಹೀರಾತು ಮತ್ತು ಚಂದಾದಿಂದ ಬಂದ ದುಡ್ಡನ್ನು, ಯಾರ ಹಾಡು ಎಷ್ಟು ಓಡಿತು ಅಂತ ನೋಡಿ ಹಂಚುತ್ತಾರೆ. ಸರಾಸರಿ ಒಂದು ಪ್ಲೇಗೆ 0.006ರಿಂದ 0.0084 ಡಾಲರ್ ಅಂತ 2013ರಲ್ಲಿ ಸ್ಪಾಟಿಫೈಯೇ ಹೇಳಿತ್ತು. ಅದೂ ಹೋಗುವುದು ಹಕ್ಕಿರುವ ಕಂಪನಿಗೆ. ಗಾಯಕರ ಕೈಗೆ ಬರುವುದು ಅದರಲ್ಲೊಂದು ಪಾಲು. ನನ್ನ ಸಿ.ಡಿ.ಗೆ ಹನ್ನೆರಡು ಡಾಲರ್ ಆಗಿತ್ತು ಅಂತಿಟ್ಟುಕೊಳ್ಳಿ. ಅಷ್ಟು ಹುಟ್ಟಬೇಕಾದರೆ ಇಡೀ ಆಲ್ಬಮ್ಮನ್ನು ನಾನೊಬ್ಬನೇ ಕಡಿಮೆ ಅಂದರೂ 130 ಸಲ ಕೇಳಬೇಕು. ಅಂಗಡಿಯವನ ಪಾಲು ಕಳೆದರೂ ವ್ಯತ್ಯಾಸ ದೊಡ್ಡದೇ. ಸರಾಸರಿಯ ಕಥೆಯೇ ಹೀಗೆ; ಬರೀ ಜಾಹೀರಾತಿನ ಮೇಲೆ ನಡೆಯುವ ಫ್ರೀ ಕೇಳುಗರಿಂದ ಇನ್ನೂ ಕಮ್ಮಿ.

ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಜಗಳ ಇದ್ದದ್ದು ಇಲ್ಲೇ. 2014ರ ನವೆಂಬರ್‌ನಲ್ಲಿ ಅವರ ಆಲ್ಬಮ್‌ಗಳೆಲ್ಲ ಸ್ಪಾಟಿಫೈನಿಂದ ಮಾಯವಾದವು. ದುಡ್ಡು ಕಟ್ಟಿದವರಿಗೆ ಮಾತ್ರ ಕೇಳಿಸಿ ಅನ್ನುವುದು ಅವರ ಕಡೆಯವರ ಷರತ್ತು. ಕೊಟ್ಟರೆ ಎಲ್ಲರಿಗೂ ಅನ್ನುವುದು ಸ್ಪಾಟಿಫೈ ಹಠ. ಅದಕ್ಕೂ ಅದರದೇ ಕಾರಣ ಇತ್ತು. ಆಗ ಇದ್ದ 5 ಕೋಟಿ ಬಳಕೆದಾರರಲ್ಲಿ ಚಂದಾದಾರರು 1.25 ಕೋಟಿ. ಫ್ರೀಯಾಗಿ ರುಚಿ ಹತ್ತಿದವರೇ ಆಮೇಲೆ ಚಂದಾ ಕಟ್ಟುತ್ತಾರೆ, ಇಲ್ಲದಿದ್ದರೆ ಪೈರಸಿಗೆ ಹೋಗುತ್ತಾರೆ ಅನ್ನುವುದು ಸ್ಪಾಟಿಫೈ ವಾದ. ಕಳ್ಳ ಕ್ಯಾಸೆಟ್ ನೋಡಿ ಬೆಳೆದ ನನಗೆ ಅದನ್ನು ಸುಳ್ಳು ಅನ್ನಲಾಗುವುದಿಲ್ಲ.

ಮಾರನೇ ವರ್ಷ ಸ್ವಿಫ್ಟ್ ಆ್ಯಪಲ್ ಜೊತೆಯೂ ಕಿತ್ತಾಡಿದರು. ಅವರ ಹಾಡಿನ ಆ್ಯಪ್ ಆ್ಯಪಲ್ ಮ್ಯೂಸಿಕ್‌ನ ಮೂರು ತಿಂಗಳ ಉಚಿತ ಟ್ರಯಲ್‌ನಲ್ಲಿ ಕಲಾವಿದರಿಗೆ ಕಾಸು ಕೊಡುವುದಿಲ್ಲ ಅನ್ನುವ ಕರಾರು ಇತ್ತು. ಒಂದು ಬಹಿರಂಗ ಪತ್ರ ಬರೆದರು ನೋಡಿ, ಒಂದೇ ದಿನದಲ್ಲಿ ಕಂಪನಿ ಮಾತು ಬದಲಿಸಿತು. ಸ್ಪಾಟಿಫೈ ಬಗ್ಗಿದ್ದು 2017ರಲ್ಲಿ. ಹೊಸ ಆಲ್ಬಮ್ಮನ್ನು ಎರಡು ವಾರ ಚಂದಾದಾರರಿಗೆ ಮಾತ್ರ ಕೊಡಬಹುದು ಅಂತ ಸಂಗೀತ ಕಂಪನಿ ಯೂನಿವರ್ಸಲ್ ಜೊತೆ ಒಪ್ಪಂದವಾಯಿತು. ಆ ವರ್ಷವೇ ಜೂನ್‌ನಲ್ಲಿ ಸ್ವಿಫ್ಟ್ ಹಾಡುಗಳೂ ವಾಪಸ್ ಬಂದವು.

ನಮ್ಮಲ್ಲಿ ಇದು ಜಾಸ್ತಿ ಕಾಣುವುದಿಲ್ಲ. ಸಿನಿಮಾ ಹಾಡಿನ ಹಕ್ಕು ಸಾಮಾನ್ಯವಾಗಿ ಆಡಿಯೊ ಕಂಪನಿ ಕೈಲಿರುತ್ತದೆ. ಲಿರಿಕಲ್ ವಿಡಿಯೊ ಮೊದಲ ದಿನವೇ ಯೂಟ್ಯೂಬ್‌ಗೆ ಬೀಳುತ್ತದೆ. ಹಾಡಿದವರಿಗೆ ತಡೆಹಿಡಿಯಲು ಕೈಯಲ್ಲಿ ಏನೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಬ್ಯಾಂಡ್ ಮಾಡಿಕೊಂಡಿರುವ ಗೆಳೆಯನೊಬ್ಬ ಇದನ್ನೆಲ್ಲ ಓದಿ, ‘ನಾವೂ ಆರು ತಿಂಗಳು ಆ್ಯಪ್‌ಗೆ ಕೊಡಬಾರದು ಅಂದ್ಕೊಂಡಿದ್ದೀವಿ ಮಾರಾಯ’ ಅಂದ. ನಾನು ಸುಮ್ನೆ ಇರಲಾರದೆ, ‘ನಿನ್ನ ಹಾಡು ಸಿಗಲಿಲ್ಲ ಅಂತ ಯಾರಾದ್ರೂ ಹುಡುಕ್ತಾರಾ?’ ಅಂದುಬಿಟ್ಟೆ. ಎರಡು ವಾರ ಮಾತು ಬಿಟ್ಟಿದ್ದ. ಆಮೇಲೆ ಆರೂ ಹಾಡನ್ನು ಎಲ್ಲ ಆ್ಯಪ್‌ಗೂ ಹಾಕಿ ಲಿಂಕ್ ಕಳಿಸಿದ, ‘ಫ್ರೀನೇ, ಕೇಳು’ ಅಂತ.