ಹಕ್ಕಲಾಯುವವರ ಬೆನ್ನು

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದ ಯುರೋಪಿನ ಭೂದೃಶ್ಯ ಚಿತ್ರಗಳಲ್ಲಿ ಹೊಲದ ಕೂಲಿಕಾರರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ, ಆದರೆ ಅವರ ಮುಖ ಸ್ಪಷ್ಟವಾಗಿ ಕಾಣುವುದು ಅಪರೂಪ. ಅವರು ದೃಶ್ಯದ ಅಂದಕ್ಕಾಗಿ ಇದ್ದಾರೆಯೇ, ಇಲ್ಲವೇ ಕಲಾವಿದರು ಸಮಾಜದ ಬಗ್ಗೆ ಏನನ್ನಾದರೂ ಹೇಳುತ್ತಿದ್ದಾರೆಯೇ?

ಉತ್ತರ: ಎರಡೂ ಬಗೆಯ ಚಿತ್ರಗಳಿವೆ. ಯಾವುದು ಯಾವ ಬಗೆಯದೆಂದು ತಿಳಿಯಲು, ದುಡಿಯುವವರನ್ನು ಚಿತ್ರದಲ್ಲಿ ಎಲ್ಲಿ ನಿಲ್ಲಿಸಲಾಗಿದೆ, ಎಷ್ಟು ದೊಡ್ಡದಾಗಿ ಬರೆಯಲಾಗಿದೆ ಎಂಬುದನ್ನು ಮೊದಲು ನೋಡಬೇಕು. ಇಂಗ್ಲೆಂಡಿನ ಜಾನ್ ಕಾನ್‌ಸ್ಟೇಬಲ್ 1821ರಲ್ಲಿ ರಚಿಸಿದ ತೈಲಚಿತ್ರ ‘ದಿ ಹೇ ವೇನ್’ನಲ್ಲಿ ಹೊಳೆ, ಗಾಡಿ, ಮರ, ಮೋಡಗಳೆಲ್ಲ ಕಣ್ತುಂಬುತ್ತವೆ, ಹುಲ್ಲು ಕೊಯ್ಯುವವರು ಮಾತ್ರ ಬಲಗಡೆಯ ದೂರದ ಬಯಲಿನಲ್ಲಿ ಚುಕ್ಕೆಗಳಾಗಿ ಉಳಿಯುತ್ತಾರೆ. ಅದೇ ದೇಶದಲ್ಲಿ 1830ರಲ್ಲಿ, ತಮ್ಮ ಚಳಿಗಾಲದ ಕೂಲಿಯನ್ನು ಕಿತ್ತುಕೊಂಡ ಒಕ್ಕಣೆ ಯಂತ್ರಗಳನ್ನು ಕೃಷಿಕಾರ್ಮಿಕರು ಒಡೆದುಹಾಕಿದರು, ಬಣವೆಗಳಿಗೆ ಬೆಂಕಿ ಬಿತ್ತು, ನೂರಾರು ಮಂದಿಯನ್ನು ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಲಾಯಿತು. ಕಾನ್‌ಸ್ಟೇಬಲ್ ಮೋಡಗಳನ್ನು ಬರೆದಂತೆ ಬರೆದವರು ವಿರಳ, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಚಿತ್ರದ ನೆಮ್ಮದಿಗೆ ದುಡಿಯುವವರು ಅಷ್ಟು ದೂರದಲ್ಲಿರುವುದೂ ಒಂದು ಕಾರಣವೆಂದೇ ನನ್ನ ಭಾವನೆ.

ಫ್ರಾನ್ಸಿನ ಝಾನ್ ಫ್ರಾನ್ಸ್ವಾ ಮಿಲೆ ಆ ದೂರವನ್ನು ಅಳಿಸಿದ. 1814ರಲ್ಲಿ ನಾರ್ಮಂಡಿಯ ರೈತ ಕುಟುಂಬದಲ್ಲಿ ಹುಟ್ಟಿ, 1849ರಲ್ಲಿ ಬಾರ್ಬಿಝಾನ್ ಹಳ್ಳಿಗೆ ಬಂದು ನೆಲೆಸಿದ ಈತ, ಕಾಂಟೆ ಎಂಬ ಕಪ್ಪು ಚಿತ್ರಕಡ್ಡಿಯಿಂದ ಬಿತ್ತುವವರನ್ನು, ಅಗೆಯುವವರನ್ನು, ಸೌದೆ ಹೊರುವವರನ್ನು ಹಾಳೆಯ ಮುಂಭಾಗಕ್ಕೆ ತಂದ. ಕಟಾವಾದ ಹೊಲದಲ್ಲಿ ಉಳಿದ ತೆನೆಗಳನ್ನು ಆರಿಸಿಕೊಳ್ಳಲು ಅಲ್ಲಿಯ ಬಡವರಿಗೆ ಅವಕಾಶವಿತ್ತು. ಹಾಗೆ ಹಕ್ಕಲಾಯುವ ಮೂವರು ಹೆಂಗಸರನ್ನು ಆತ ಹಲವು ರೇಖಾಚಿತ್ರಗಳಲ್ಲಿ ಅಭ್ಯಾಸ ಮಾಡಿ, 1857ರಲ್ಲಿ ದೊಡ್ಡ ತೈಲಚಿತ್ರವಾಗಿ ಪ್ರದರ್ಶಿಸಿದ. ಎಡಗಡೆಯವಳು ಒಂದು ಕೈಯಲ್ಲಿ ಆಯ್ದ ತೆನೆಗಳನ್ನು ಬೆನ್ನ ಹಿಂದೆ ಹಿಡಿದು, ಇನ್ನೊಂದನ್ನು ನೆಲಕ್ಕೆ ಚಾಚಿದ್ದಾಳೆ; ಬಗ್ಗಿದ ಇಬ್ಬರ ಬೆನ್ನೂ ದಿಗಂತರೇಖೆಗಿಂತ ಕೆಳಗೇ ಇದೆ. ದೂರದಲ್ಲಿ ಬಿಸಿಲಿಗೆ ಹೊಳೆಯುವ ಬಣವೆಗಳು, ತುಂಬಿದ ಗಾಡಿ, ಕುದುರೆಯ ಮೇಲೆ ಕುಳಿತು ಕೆಲಸ ನೋಡಿಕೊಳ್ಳುವ ಮೇಲ್ವಿಚಾರಕ. ಸಮೃದ್ಧಿ ಯಾರದು, ಉಳಿಕೆ ಯಾರ ಪಾಲಿನದು ಎಂಬುದು ಹೀಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ಫ್ರಾನ್ಸಿನ ರಾಜನನ್ನು ಕೆಳಗಿಳಿಸಿದ 1848ರ ಕ್ರಾಂತಿಯ ನೆನಪು ಮಾಸದಿದ್ದ ಪ್ಯಾರಿಸ್ಸಿನ ಕೆಲವು ವಿಮರ್ಶಕರು ಇದರಲ್ಲಿ ಬೆದರಿಕೆಯನ್ನೇ ಕಂಡರು. ಮಿಲೆ ತನ್ನನ್ನು ಸಮಾಜವಾದಿ ಎಂದು ಕರೆದುಕೊಳ್ಳಲಿಲ್ಲ. ಕಲೆಯಲ್ಲಿ ತನ್ನನ್ನು ಹೆಚ್ಚು ತಟ್ಟುವುದು ಮನುಷ್ಯನ ಪಾಡು ಎಂದಷ್ಟೇ ಗೆಳೆಯನಿಗೆ ಬರೆದಿದ್ದ.

ಇನ್ನು ಮುಖದ ವಿಚಾರ. ಮಿಲೆಯ ರೇಖಾಚಿತ್ರಗಳಲ್ಲಿ ಮುಖ ಟೋಪಿಯ ಇಲ್ಲವೇ ತಲೆವಸ್ತ್ರದ ನೆರಳಿನಲ್ಲಿ ಮರೆಯಾಗುತ್ತದೆ, ದಪ್ಪ ಗೆರೆಯೆಲ್ಲ ಭುಜಕ್ಕೆ, ನಡುವಿಗೆ, ಕೈಗೆ ಸಲ್ಲುತ್ತದೆ. ಇದನ್ನು ನಾನು ಅಲಕ್ಷ್ಯವೆನ್ನಲಾರೆ. ದುಡಿಮೆ ಮೈಯನ್ನು ಹೇಗೆ ಬಗ್ಗಿಸುತ್ತದೆ ಎಂಬುದೇ ಅಲ್ಲಿಯ ವಿಷಯ. ಮಿಲೆಯನ್ನು ಗುರುವಿನಂತೆ ಕಂಡ ವಿನ್ಸೆಂಟ್ ವ್ಯಾನ್ ಗೋ ಕೂಡ 1885ರಲ್ಲಿ, ಹಾಲೆಂಡಿನ ನ್ಯೂನೆನ್ ಹಳ್ಳಿಯಲ್ಲಿ ರೈತರನ್ನು ಬರೆಯುತ್ತಿದ್ದಾಗ, ಅಂಗರಚನೆಯ ಶಾಸ್ತ್ರೀಯ ನಿಖರತೆಗಿಂತ ಅಗೆಯುವವನು ನಿಜವಾಗಿ ಅಗೆಯುತ್ತಿರುವಂತೆ ಕಾಣುವುದು ಮುಖ್ಯವೆಂದು ತಮ್ಮನಿಗೆ ಬರೆದ.

ಆದರೂ ನಿಮ್ಮ ಸಂಶಯದಲ್ಲಿ ಹುರುಳಿದೆ. ಈ ಕೂಲಿಕಾರರಲ್ಲಿ ಹೆಚ್ಚಿನವರು ಹೆಸರಿಲ್ಲದೆಯೇ ಉಳಿದರು. ಅವರ ಚಿತ್ರಗಳನ್ನು ಕೊಂಡವರೂ ಬಹುಪಾಲು ನಗರದ ಉಳ್ಳವರೇ: 1860ರ ದಶಕದಲ್ಲಿ ಮಿಲೆಯಿಂದ ಹಳ್ಳಿಯ ಬದುಕಿನ ಪೇಸ್ಟಲ್ ಚಿತ್ರಗಳನ್ನು ದೊಡ್ಡ ಸಂಖ್ಯೆಯಲ್ಲಿ ಬರೆಸಿಕೊಂಡ ಎಮಿಲ್ ಗಾವೆ, ಪ್ಯಾರಿಸ್ಸಿನ ಒಬ್ಬ ವಾಸ್ತುಶಿಲ್ಪಿ.